ಸತ್ತ ಮೀನಿನ ತೂಕ

ಶಿವದೇವಿಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಹೋಗುವುದೂ ಇಲ್ಲ. ಹುಟ್ಟೂರು ಲಿಂಗಸುಗೂರಿನ ನೀರೇ ಹಾಗೆ, ಏನು ಮಾಡುವುದು! ಹನ್ನೊಂದು ವರ್ಷದ ಹಿಂದೆ, ಪಕ್ಕದ ರಾಜ್ಯದ ರಾಜಧಾನಿಯಲ್ಲಿ ಕೋಠಿಯ ಹತ್ತಿರದ ಕಾಲೇಜಿಗೆ ಪ್ರಾಣಿಶಾಸ್ತ್ರ ಕಲಿಸಲು ಹೊಸದಾಗಿ ಸೇರಿದಾಗ, ಕಂಪ್ಯೂಟರ್ ವಿಭಾಗದ ಚಂದ್ರಹಾಸರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕಲಿಯಲು ಕೂತಿದ್ದಳು. ಚಂದ್ರಹಾಸರು ನಮ್ಮವರೇ, ಬೀದರ ಕಡೆಯವರು. ಆದರೂ ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದರು: ಕಪ್ಪೆ ಕೊಯ್ಯುವವರಿಗೆ ಪ್ರೋಗ್ರಾಮಿಂಗ್ ಯಾಕೆ, ಹೋಗಿ ನಿಮ್ಮ ಬಾಟಲಿ ತೊಳೆದುಕೊಳ್ಳಿ. ನಲವತ್ತು ಹುಡುಗರು ನಕ್ಕರು. ಆಕೆ ಎದ್ದು ಹೋದಳು.

ಆಮೇಲೆ ಮಿಯಾಪುರದ ಮೆಟ್ರೋದಲ್ಲಿ ನಿಂತುಕೊಂಡೇ, ಮೊಬೈಲು ಹಿಡಿದು ಹಟಕ್ಕೆ ಬಿದ್ದು ಕಲಿತಳು. ಈಗ ಮೂರು ವರ್ಷದಿಂದ ಜೀವಶಾಸ್ತ್ರದ ಮಕ್ಕಳಿಗೆ ತಾನೇ ಪ್ರೋಗ್ರಾಮಿಂಗ್ ಕಲಿಸುತ್ತಾಳೆ. ಚಂದ್ರಹಾಸರಿಗೆ ಅದು ಹೊಟ್ಟೆಯುರಿ. ಆ ಕ್ಲಾಸು ಮುಚ್ಚಿಸಿ ಎಂದು ಬರೆದೇ ಬಿಟ್ಟರು. ಪ್ರಿನ್ಸಿಪಾಲ್ ಉಷಾ ಮೇಡಂ ಸೋಮವಾರಕ್ಕೆ ಸಭೆ ಕರೆದರು: ಚಂದ್ರಹಾಸರು ತಮ್ಮ ಹೊಸ ಸಂಶೋಧನೆ ತೋರಿಸಲಿ, ಶಿವದೇವಿಯ ಒಬ್ಬ ವಿದ್ಯಾರ್ಥಿನಿ ಕಲಿತದ್ದನ್ನು ತೋರಿಸಲಿ, ಆಮೇಲೆ ತೀರ್ಮಾನ.

ಚಂದ್ರಹಾಸರ ಸಂಶೋಧನೆ ಕೆರೆಯ ಮೀನುಗಳದ್ದು. ತೂಕದ ಅಂಕಿ ಶಿವದೇವಿಯ ಲ್ಯಾಬಿನದು. ಅದನ್ನೂ ಆಕೆಯನ್ನು ಕೇಳದೆ ಅಟೆಂಡರ್ ಕೈಯಿಂದ ತರಿಸಿಕೊಂಡಿದ್ದರು. ಕರಡು ಹೇಗೋ ಸಭೆಗೆ ಒಂದು ವಾರ ಮೊದಲೇ ಆಕೆಗೆ ಸಿಕ್ಕಿತು. ಹೊಲಸು ನೀರಿನ ಮೀನು ಚೊಕ್ಕ ನೀರಿನ ಮೀನಿಗಿಂತ ದುಪ್ಪಟ್ಟು ದಪ್ಪವಂತೆ! ಓದಿದ ಕೂಡಲೇ ತಿಳಿಯಿತು. ಆ ಲ್ಯಾಬಿನಲ್ಲಿ ಮೀನು ಸತ್ತರೆ ತೂಕದ ಜಾಗದಲ್ಲಿ 999 ಎಂದು ಬರೆಯುವುದು ರೂಢಿ. ಹೊಲಸು ನೀರಿನಲ್ಲಿ ಸತ್ತವೇ ಹೆಚ್ಚು; ಪುಣ್ಯಾತ್ಮರು ಆ 999ನ್ನೆಲ್ಲ ತೂಕವೆಂದೇ ಸರಾಸರಿಗೆ ಸೇರಿಸಿದ್ದರು.

ಒಂದು ಫೋನ್ ಸಾಕಿತ್ತು. ಮಾಡಲಿಲ್ಲ. ಹೊಟ್ಟೆ ತಣ್ಣಗಾಗುವಷ್ಟು ಸಂತೋಷವಾಯಿತು ಆಕೆಗೆ. ಅದೇ ಅಂಕಿಗಳನ್ನು ತನ್ನ ಕ್ಲಾಸಿನ ಎರಡನೇ ವರ್ಷದ ರಶ್ಮಿಗೆ ಕೊಟ್ಟು, “ಇದರ ಸರಾಸರಿ ತೆಗಿಯವ್ವಾ,” ಎಂದಳು. ಮತ್ತೇನೂ ಹೇಳಲಿಲ್ಲ.

ಸೋಮವಾರ ಚಂದ್ರಹಾಸರು ದಪ್ಪ ಮೀನುಗಳ ಬಗ್ಗೆ ಅರ್ಧ ಗಂಟೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದರು. ಆಮೇಲೆ ರಶ್ಮಿ ಎದ್ದಳು. ಹನ್ನೆರಡು ಸಾಲಿನ ಪ್ರೋಗ್ರಾಂ. 999 ಎಂದಿದ್ದ ಸತ್ತ ಮೀನುಗಳನ್ನು ಮೊದಲು ಹೊರಗೆ ಹಾಕಿದೆ, ಹೊಲಸು ನೀರಿನಲ್ಲಿ ಉಳಿದವು ತೀರಾ ಸಣಕಲು, ಎಂದಳು. ಮೊದಲು ನಕ್ಕವರು ಉಷಾ ಮೇಡಂ. ಕ್ಲಾಸು ಉಳಿಯಿತು.

ವರಾಂಡದಲ್ಲಿ ಚಂದ್ರಹಾಸರು ಅಡ್ಡ ನಿಂತರು. “ನಿಮಗ ಮೊದಲ ಗೊತ್ತಿತ್ತೇನ್ರಿ?”

“ವಾರದಿಂದ ಗೊತ್ತಿತ್ರಿ.”

“ಒಂದು ಮಾತು ಹೇಳಬಾರದಾಗಿತ್ತೇನ್ರಿ?”

“ಹೆಂಗ ಹೇಳ್ಲಿ ಸರ್,” ಎಂದಳು ಶಿವದೇವಿ. “ಬಾಟ್ಲಿ ತೊಳ್ಯಾಕತ್ತಿದ್ದೆ.”