ಮನೆ ನೋಡಲು ಬಂದ ಮೇಸ್ತ್ರಿ

ಬಾಗಿಲು ತೆಗೆದ ಕೂಡಲೇ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ನನ್ನ ಮೊಮ್ಮಗಳು ಹುಣಸೂರಿನಲ್ಲಿ ಈ ಮನೆ ಕೊಳ್ಳುತ್ತಿದ್ದಾಳೆ, ನನ್ನ ಮೊಮ್ಮಗಳು! ಯಾರು ಸಿಕ್ಕರೂ ಅದನ್ನೇ ಹೇಳುತ್ತಾ ತಿರುಗುತ್ತಿದ್ದೇನೆ. ಆದರೆ ಹಳೇ ಗೋಡೆಗೆ ಹೊಸ ಸುಣ್ಣ ಕಂಡರೆ ನನಗೆ ಮೊದಲು ಅನುಮಾನ ಬರುತ್ತದೆ, ಅದರ ಹಿಂದೆಯೇ ಆ ಮೇಸ್ತ್ರಿಯ ನೆನಪು...

ಆಗಿನ್ನೂ ಎಪ್ಪತ್ತರ ದಶಕ. ಪಿರಿಯಾಪಟ್ಟಣದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ನಾನು ಚೊಚ್ಚಲ ಬಸುರಿ. ಕೂಸು ಹುಟ್ಟುವುದರೊಳಗೆ ಸ್ವಂತ ಸೂರು ಆಗಬೇಕೆಂದು ನಮ್ಮ ಯಜಮಾನರಿಗೆ ಹಟ. ಪಕ್ಕದ ಬೀದಿಯ ಗೌಡರು ತಮ್ಮ ಹೆಂಚಿನ ಮನೆ ಮಾರಲು ನಿಂತಿದ್ದರು. ಮಣ್ಣಿನ ಗೋಡೆ, ಮೇಲೆ ಬೆಳ್ಳಗೆ ಸುಣ್ಣ. ಮನೆ ಗಟ್ಟಿಯಿದೆಯೇ ಎಂದು ನೋಡಿ ಹೇಳಲು ಗೌಡರೇ ಒಬ್ಬನನ್ನು ಕರೆಸಿದರು. ಅವನು ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿಂದ, ಕಾಫಿ ಕುಡಿದ, ಕೈ ಒರೆಸಿಕೊಂಡ. ಒಳಕೋಣೆಗೆ ಕಾಲೇ ಇಡಲಿಲ್ಲ.

"ಕಲ್ಲುಗುಂಡು ಕಣ್ರೀ! ನಿಮ್ಮ ಮರಿಮಕ್ಕಳ ಕಾಲಕ್ಕೂ ಅಲ್ಲಾಡಲ್ಲ" ಅಂದ.

ದಾರಿಯಲ್ಲಿ ನಾನು ಯಜಮಾನರಿಗೆ ಹೇಳಿದೆ: "ಉಂಡ ಮನೆ ಜಂತೆ ಎಣಿಸಬಾರದು ಅಂತಾರೆ. ಇವನು ಉಂಡಾಯ್ತಲ್ಲ, ಇನ್ನೇನು ಎಣಿಸ್ತಾನೆ? ಅವರ ಮನೆ ನೀರೂ ಮುಟ್ಟದೋನ್ನ ಕರ್ಕೊಂಡು ಬನ್ನಿ."

"ನಿಂಗೆ ದೇವ್ರು ಪ್ರಸಾದ ಕೊಟ್ರೂ ಗುಮಾನಿ ಕಣೆ" ಎಂದು ಬೈದುಕೊಂಡೇ ಅವರು ಬೈಲಕುಪ್ಪೆ ಕಡೆ ಕೆಲಸದಲ್ಲಿದ್ದ ಗಾರೆ ಮೇಸ್ತ್ರಿಯನ್ನು ಕರೆತಂದರು.

ಗೌಡತಿ ಕಾಫಿ ತಂದರು. ಮೇಸ್ತ್ರಿ ಕೈ ಮುಗಿದು "ಬ್ಯಾಡ ಕಣವ್ವ" ಅಂದ. ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಗೌಡರು ಅವನನ್ನು ಕಂಡು "ಓ... ನೀನಾ" ಅಂದವರು ಮುಖ ತಿರುಗಿಸಿಕೊಂಡಿದ್ದರು. ಅವನೂ ಅವರ ಮುಖ ನೋಡಲಿಲ್ಲ. ಯಾರೂ ದಾರಿ ತೋರಿಸದೆ ನೆಟ್ಟಗೆ ಹಿಂದಿನ ಕೋಣೆಗೆ ನಡೆದುಬಿಟ್ಟ. ಇವರಿಬ್ಬರೂ ಒಳಗೊಳಗೇ ಒಂದು, ಕಾಫಿ ಬೇಡ ಅಂದದ್ದೂ ನಾಟಕ ಅಂದುಕೊಂಡೆ.

ಅವನು ಗೋಡೆಯ ತಲೆಯಿಂದ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟ. ಮೇಲೆ ದಾರ ಗೋಡೆಗೆ ತಾಗಿತ್ತು. ಕೆಳಗೆ ಗುಂಡಿಗೂ ಗೋಡೆಗೂ ನಡುವೆ ನನ್ನ ಅಂಗೈ ತೂರುತ್ತಿತ್ತು.

"ಒಳಕ್ಕೆ ವಾಲೈತೆ. ಇದರ ಬುಡದಾಗೆ ತೊಟ್ಟಿಲು ಕಟ್ಟಬ್ಯಾಡಿ ತಾಯಿ."

ಗೌಡರು ಕೆಂಡವಾದರು. "ಲೇ ಮೇಸ್ತ್ರಿ, ಈ ಗೋಡೆ ಯಾರು ಕಟ್ಟಿದ್ದು ಅಂತ ಹೇಳ್ಬುಡ್ಲಾ? ಆಮೇಲೆ ಈ ಊರಲ್ಲಿ ಯಾರ್ಲಾ ನಿನ್ನ ಕರೀತಾರೆ?"

"ನೀವ್ಯಾಕೆ ಹೇಳೀರಿ ಗೌಡ್ರೆ, ನಾನೇ ಹೇಳ್ತೀನಿ ಬುಡಿ." ನನ್ನ ಕಡೆ ತಿರುಗಿದ. "ನಾನೇ ಕಣವ್ವ ಕಟ್ಟಿದ್ದು. ಕೆಳಗಿನ ಮಣ್ಣಿನ ವರಸೆ ಒಣಗೋಕೆ ಬುಡದೆ ಮೇಲಿಂದು ಏರಿಸ್ಬುಟ್ಟೆ. ಇವ್ರಿಗೆ ಮಗಳ ಮದುವೆ ಅವಸರ, ನಂಗೆ ವಯಸ್ಸಿನ ಪೊಗರು. ಹಸಿ ಮಣ್ಣು ಭಾರ ತಡೀಲಿಲ್ಲ."

ನಾವು ಆ ಮನೆ ಕೊಳ್ಳಲಿಲ್ಲ. ನನ್ನ ಮಗ ಬಾಡಿಗೆ ಕೋಣೆಯಲ್ಲೇ ಹುಟ್ಟಿದ, ಗುಂಡು ಗುಂಡಾಗಿ! ಮುಂದಿನ ಮಳೆಗಾಲಕ್ಕೆ ಹೆದರಿ ಗೌಡರು ಗೋಡೆ ಕೆಡವಿಸಿ ಬೇರೆಯವನ ಕೈಲಿ ಕಟ್ಟಿಸಿದರು. ಗೌಡರು ಹೇಳಿದಂತೆಯೇ ಮೇಸ್ತ್ರಿಯನ್ನು ಊರಲ್ಲಿ ಯಾರೂ ಕರೆಯಲಿಲ್ಲ. ಕೊಡಗಿನ ಕಡೆ ಹೋದನಂತೆ... ಆಮೇಲೆ ಸುದ್ದಿಯೇ ಇಲ್ಲ.

ಆ ಮಗನ ಮಗಳೇ ಈಗ ಮನೆ ಕೊಳ್ಳುತ್ತಿರುವವಳು. ಗೋಡೆ ನೋಡಲು ಒಬ್ಬ ಇಂಜಿನಿಯರ್ ಬಂದಿದ್ದ, ಒಳ್ಳೆಯ ಮಾತಿನವನು. ನಾನು ಕೇಳಿದೆ: "ಏನಪ್ಪಾ, ನೀನು ಕಟ್ಟಿಸಿದ್ದು ಯಾವತ್ತಾದರೂ ವಾಲಿದ್ದುಂಟಾ?"

"ಒಂದೂ ಇಲ್ಲ ಅಜ್ಜಿ!" ಎಂದು ನಕ್ಕ.

ಮೊಮ್ಮಗಳ ಕಿವಿಯಲ್ಲಿ ಹೇಳಿದೆ: "ಇನ್ನೊಬ್ಬರನ್ನು ಹುಡುಕು ಮಗ." ಹುಡುಕುತ್ತಾಳೆ, ಜಾಣೆ. ಆದರೆ ಆ ಮೇಸ್ತ್ರಿಯಂಥವನು ಈಗೆಲ್ಲಿ ಸಿಗಬೇಕು...