ಆಡುವವನನ್ನೇ ಆಡಿಕೊಳ್ಳುವ ಆಟ

"ಅಕ್ಕಾ, ಇಲ್ನೋಡು, ಇವ್ನೂ ಗೇಮ್ ಆಡ್ತಾ ಕುಂತಾನೆ!"

ನನ್ನ ತಮ್ಮ ಮಂಜ ಮೊಬೈಲನ್ನು ನನ್ನ ಮೂಗಿಗೇ ಹಿಡಿದ. ಕಳೆದ ಭಾನುವಾರ ಹೊನ್ನಾಳಿಯಿಂದ ಸವಳಂಗದ ಅವನ ಹೊಲಕ್ಕೆ ಹೋಗಿದ್ದೆ. ಮೊಬೈಲಿನಲ್ಲಿ ಇದ್ದದ್ದು ಬೇಸಾಯದ ಗೇಮ್. ಅದರೊಳಗೊಬ್ಬ ರೈತ. ನಾವು ಸ್ವಲ್ಪ ಹೊತ್ತು ಸ್ಕ್ರೀನ್ ಮುಟ್ಟದಿದ್ದರೆ ಆತ ಬದುವಿನ ಮೇಲೆ ಕೂತು, ಜೇಬಿನಿಂದ ಮೊಬೈಲ್ ತೆಗೆದು ತಾನೂ ಗೇಮ್ ಆಡುತ್ತಾನೆ. ಆ ಗೇಮಿನೊಳಗೆ ಇನ್ನೊಬ್ಬ ಪುಟಾಣಿ ರೈತ! (ಅವನ ಜೇಬಲ್ಲೂ ಮೊಬೈಲ್ ಇತ್ತೋ ಏನೋ, ನನ್ನ ಕನ್ನಡಕಕ್ಕೆ ಕಾಣಲಿಲ್ಲ.) ಆಮೇಲೆ ದೊಡ್ಡ ರೈತ ನಮ್ಮ ಕಡೆ ತಿರುಗಿ, "ಏನು ನೋಡ್ತೀಯ? ನಿನಗೂ ಬೇರೆ ಕೆಲಸ ಇಲ್ವಾ?" ಅಂತ ಇಂಗ್ಲಿಷಿನಲ್ಲಿ ಕೇಳುತ್ತಾನೆ.

ಮಂಜ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ?

ಅಷ್ಟರಲ್ಲಿ ಹೊಲದ ಆ ತುದಿಯಿಂದ ಅವನ ಹೆಂಡತಿ ರೇಣುಕಾ ಕೂಗಿದಳು: "ರೀ, ಗೇಟ್‌ವಾಲ್ ತಿರುಗಿಸಿಲ್ಲೇನ್ರೀ? ಸಸಿ ಎಲ್ಲಾ ಸುಟ್ಟು ಹೋಗ್ಯಾವಲ್ರೀ!"

ಮೆಣಸಿನಕಾಯಿ ಸಸಿಗಳವು. ರೇಣುಕಾ ಮೊದಲ ಸಲ ತಾನೇ ಮಡಿ ಮಾಡಿ, ಬೀಜ ಚೆಲ್ಲಿ ಎಬ್ಬಿಸಿದ್ದು. ಅಕ್ಕಪಕ್ಕದ ಹೊಲದವರೂ ನಮಗೊಂದಿಷ್ಟು ಸಸಿ ಇಡವ್ವ ಅಂತ ಹೇಳಿಟ್ಟಿದ್ದರು. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಇರುವುದು ಸ್ವಲ್ಪ ಹೊತ್ತು. ಅದು ಬಂದ ಕೂಡಲೇ ಮೋಟರ್ ತಾನಾಗೇ ಶುರುವಾಗುತ್ತದೆ, ಆಟೋ ಸ್ಟಾರ್ಟರ್ ಇದೆಯಲ್ಲ. ಆದರೆ ಗೇಟ್‌ವಾಲ್ ತಿರುಗಿಸಿ ನೀರನ್ನು ಸಸಿಮಡಿಗೆ ಬಿಡಲು ಮನುಷ್ಯನೇ ಬೇಕು. ಆ ಮನುಷ್ಯ ಗೇಟ್‌ವಾಲ್ ಪಕ್ಕದಲ್ಲೇ ಕೂತು ಗೇಮಿನ ಟೊಮೆಟೊಗೆ ನೀರು ಹಾಯಿಸುತ್ತಿದ್ದ! ನಿಜವಾದ ನೀರು ಮೆಕ್ಕೆಜೋಳಕ್ಕೆ ನುಗ್ಗಿ, ತುಂಬಿ, ರಸ್ತೆಗೆ ಹರಿದಿತ್ತು. ಅದರ ಹಿಂದಿನ ಎರಡು ದಿನವೂ ಇದೇ ಕತೆಯಂತೆ.

ನನಗೆ ಸಿಟ್ಟು ನೆತ್ತಿಗೇರಿತು. ಮಂಜನ ಮೇಲೆ ಮಾತ್ರವಲ್ಲ (ಅವನಿಗೆ ಮಂಗಳಾರತಿ ಆಗಲೇ ಆಯಿತು), ಆ ಗೇಮ್ ಮಾಡಿದವರ ಮೇಲೆ. ಎಂಥಾ ಜಾಣರು ಸ್ವಾಮಿ! "ಬೇರೆ ಕೆಲಸ ಇಲ್ವಾ" ಅಂತ ಹೆಂಡತಿ ಕೇಳಿದರೆ ಇವನು ಮುಖ ಊದಿಸುತ್ತಾನೆ. ನಾನು ಕೇಳಿದರೆ ಜಗಳಕ್ಕೆ ನಿಲ್ಲುತ್ತಾನೆ. ಅದನ್ನೇ ಗೇಮ್ ಕೇಳಿದರೆ ಕಾಮಿಡಿ! ಹಲ್ಲು ಕಿರಿದು ಊರಿಗೆಲ್ಲ ತೋರಿಸುತ್ತಾನೆ. ಜನರ ಹೊತ್ತು ಹಾಳಾಗುತ್ತಿದೆ ಅಂತ ಗೇಮ್ ಮಾಡಿದವರಿಗೇ ಗೊತ್ತು. ಗೊತ್ತಿದ್ದ ಮೇಲೆ ನಾಚಿಕೆಯಾಗಬೇಡವೇ? ಇಲ್ಲ, ಅದನ್ನೇ ಜೋಕ್ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಕಳ್ಳನೇ "ಬಾಗಿಲು ಹಾಕ್ಕೊಳ್ಳೋದಲ್ವಾ?" ಅಂತ ನಗಿಸಿ, ಹಂಡೆ ಹೊತ್ತುಕೊಂಡು ಹೋದ ಹಾಗೆ.

ರೇಣುಕಾ ಬಂದಳು. ಕಣ್ಣಲ್ಲಿ ನೀರಿತ್ತು. ಒಣಗಿದ ಸಸಿಗಳನ್ನು ಗಂಡನ ಮುಂದೆ ಹಿಡಿದು, "ಮೊದ್ಲು ಅದನ್ನ ಬಂದ್ ಮಾಡ್ರಿ" ಎಂದಳು.

ಮಂಜ ತೆಪ್ಪಗೆ ಗೇಮ್ ಮುಚ್ಚಲು ಹೋದ. ತಕ್ಷಣ ಆ ರೈತ ಅಳುಮುಖ ಮಾಡಿಕೊಂಡು ಸ್ಕ್ರೀನ್ ತುಂಬ ಬಂದ. "ಹೊರಟೇಬಿಟ್ಯಾ? ನಿನ್ನ ಗಿಡ ಬಾಡಿ ಹೋಗುತ್ವೆ!" ಮಂಜ ಅದನ್ನು ಕನ್ನಡದಲ್ಲಿ ಓದಿ ಹೇಳಿದ. ಹೇಳಿ, ಮುಚ್ಚದೆ ಅದನ್ನೇ ನೋಡುತ್ತ ನಿಂತ!

ರೇಣುಕಾ ನನ್ನ ಕಡೆ ತಿರುಗಿದಳು.

"ನೋಡ್ರಿ ಅಕ್ಕಾ, ಇಲ್ಲದಿರೋ ಗಿಡ ಬಾಡಿದ್ರೆ ಕೇಳಾಕೆ ಒಬ್ಬ ಅದಾನೆ. ನನ್ನ ಸಸಿ ಬಾಡಿದ್ದನ್ನ ನಾನು ಯಾರನ್ನ ಕೇಳ್ಲಿ?"