ಉಗ್ರಾಣದ ಬೀಗದ ಕೈ

ಉಳವಿಯ ಮದುವೆಮನೆಯ ಉಗ್ರಾಣದ ಬಾಗಿಲಲ್ಲಿ ಆ ದಿನ ನಾವು ನಾಲ್ವರಿದ್ದೆವು — ಮದುಮಗಳ ತಂದೆ, ಅವರ ಅಕ್ಕ, ಉಗ್ರಾಣ ನೋಡಿಕೊಳ್ಳುತ್ತಿದ್ದ ನಾಗರಾಜ, ಅಡುಗೆಗೆ ಹೋಗಿದ್ದ ನಾನು. ಅಲ್ಲಿ ನಾನು ಒಂದು ಸುಳ್ಳು ಹೇಳಿದೆ. ಆರು ವರ್ಷವಾಯಿತು; ಕಳೆದ ಹಂಗಾಮಿನವರೆಗೆ ಹೆಂಡತಿಗೂ ಹೇಳಿರಲಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಅಕ್ಕಿ, ಬೆಲ್ಲ, ತುಪ್ಪದಿಂದ ಹಿಡಿದು ಬೆಳ್ಳಿ ಸಾಮಾನಿನವರೆಗೆ ಎಲ್ಲವೂ ಒಂದೇ ಕೋಣೆಯಲ್ಲಿ. ಅದರ ಬೀಗದ ಕೈ ಒಬ್ಬನ ಸೊಂಟದಲ್ಲಿ. ಊರೆಲ್ಲ ನಂಬುವ ಆಸಾಮಿಗೇ ಆ ಕೆಲಸ. ನಾನು ಅದನ್ನು ನಾಗರಾಜನಿಗೆ ಕೊಡಿಸುತ್ತಿದ್ದೆ — ಗೊತ್ತಿದ್ದೇ ಕೊಡಿಸುತ್ತಿದ್ದೆ. ಶಿಕಾರಿಪುರದವನು, ಬಸ್‌ಸ್ಟ್ಯಾಂಡಿನಲ್ಲಿ ಚೀಲ ಎತ್ತಿ ಎರಡು ಸಲ ಜೈಲಿಗೆ ಹೋಗಿ ಬಂದವನು. ಕೆಲಸ ಕೇಳಲು ಬಂದ ದಿನ ಸೊರಬದ ನನ್ನ ಮನೆಯ ಜಗಲಿಯಲ್ಲಿ ಕೂತು ಅದನ್ನೆಲ್ಲ ತಾನಾಗಿಯೇ ಹೇಳಿದ್ದ. "ಅದು ಮುಗೀತು, ಇನ್ನು ಆ ಮಾತು ಬೇಡ" ಎಂದಿದ್ದೆ. ಎಷ್ಟು ಸಲೀಸಾಗಿ ಅಂದುಬಿಟ್ಟಿದ್ದೆ!

ನಾಲ್ಕು ಮದುವೆ ಹಂಗಾಮು ಕಳೆದರೂ ಒಂದು ಸಾಸಿವೆ ಕಾಳು ಆಚೀಚೆ ಆಗಲಿಲ್ಲ. ಹೇಗೆ ಬಿಟ್ಟೆಯೋ ಮಾರಾಯ, ಎಂದು ಒಮ್ಮೆ ಕೇಳಿದ್ದೆ.

"ಬಿಡಬೇಕಂತ ಭಾಳ ಸಲ ಅನ್ಕಂಡಿದ್ದೆ ಭಟ್ರೇ, ಆಗಿರ್ಲಿಲ್ಲ. ಮೊದ್ಲು ನನ್ನ ಕಂಡ ಕೂಡ್ಲೇ ಜನ ತಮ್ಮ ಚೀಲ ಮುಟ್ಟಿ ನೋಡ್ಕಳ್ತಿದ್ರು. ಈಗ 'ನಾಗಣ್ಣ, ಬೆಲ್ಲ ಕೊಡು' ಅಂತಾರೆ. ಆ ನಾಗಣ್ಣನ್ನ ಹಾಳು ಮಾಡಕ್ಕೆ ಮನ್ಸು ಬರಲ್ರಿ." ಆಮೇಲೆ ನಕ್ಕು, "ನಿಮ್ಮ ಪಾಯಸನೂ ಒಂದು ಕಾರಣ. ಮೂರು ಸಲ ಹಾಕಿಸ್ಕಂಡ ಮೇಲೆ ಓಡಾಕೆ ಎಲ್ಲಾಗ್ತದ್ರಿ?"

ಉಳವಿಯಲ್ಲಿ ಬೆಳ್ಳಿಯ ಆರತಿ ತಟ್ಟೆ ಕಾಣೆಯಾಯಿತು. ನಾಗರಾಜನ ಹಳೆಯ ಸಂಗತಿಯನ್ನು ನೆಂಟರೊಬ್ಬರು ಮದುಮಗಳ ತಂದೆಯ ಕಿವಿಗೆ ಹಾಕಿದ್ದರು.

"ಏನ್ರೀ ಭಟ್ರೇ, ಇವ್ನು ಕಳ್ಳತನ ಮಾಡಿ ಒಳಗೆ ಹೋಗಿ ಬಂದವ್ನಂತೆ. ನಿಮಗೆ ಗೊತ್ತಿತ್ತಾ?"

ನಾಗರಾಜ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ — ನಾನಿದ್ದೇನಲ್ಲ ಎಂಬ ಧೈರ್ಯ. ನನಗೆ ಮಾತ್ರ ಹೆದರಿಕೆಯಾಯಿತು. ನಾಳೆಯಿಂದ ನನ್ನನ್ನು ಯಾರು ಕರೆದಾರು...

"ಇಲ್ರೀ, ನಂಗೆ ಗೊತ್ತೇ ಇರ್ಲಿಲ್ಲ."

ಅವನು ಬೀಗದ ಕೈ ಬಿಚ್ಚಿ ಅಕ್ಕಿ ಮೂಟೆಯ ಮೇಲಿಟ್ಟು, ಬಸ್ಸಿನ ದಾರಿ ಹಿಡಿದ.

ಮರುದಿನ ಮದುಮಗಳ ತಂದೆಯ ಫೋನು ಬಂತು. "ಸಿಕ್ತು ಬಿಡಿ ಭಟ್ರೇ, ನಮ್ಮಕ್ಕನೇ ಸೀರೆ ಒಳಗೆ ಸುತ್ತಿಟ್ಟು ಮರ್ತಿದ್ಲು!" ಅವರು ನಕ್ಕರು. ನಾನೂ ನಕ್ಕೆ. ನಾಗರಾಜನಿಗೆ ಹೇಳಲು ಹೋಗಲಿಲ್ಲ — ಹೋದರೆ ಅವನ ಮುಖ ನೋಡಬೇಕಿತ್ತು. ಊರಿಗೂ ಹೇಳಲಿಲ್ಲ. ಅವನನ್ನು ಯಾರೂ ಕೆಲಸಕ್ಕೆ ಕರೆಯದಾದರು. ಮುಂದಿನ ಹಂಗಾಮಿನೊಳಗೆ ಅದೇ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಸಿಕ್ಕಿಬಿದ್ದ. "ಹುಟ್ಟು ಬುದ್ಧಿ ಎಲ್ಲಿ ಹೋಗ್ತದೆ" ಎಂದರು ಪಕ್ಕದ ಮನೆಯವರು. ನಾನು ತಲೆಯಾಡಿಸಿದೆ. ಆ ಸುಳ್ಳಿಗಿಂತ ಈ ತಲೆಯಾಡಿಸಿದ್ದು — ಅದೇ ಹೆಚ್ಚು ಸುಡುತ್ತದೆ.

ಕಳೆದ ಹಂಗಾಮಿನಲ್ಲಿ ಶಿಕಾರಿಪುರದ ಒಂದು ಮದುವೆಗೆ ಹೋಗಿದ್ದೆ. ಶಾಮಿಯಾನದ ಟೆಂಪೊದಿಂದ ಕುರ್ಚಿ ಇಳಿಸುತ್ತಿದ್ದವನು ನಾಗರಾಜ. ತಲೆ ನರೆತಿತ್ತು. ಜೈಲಿನಿಂದ ಬಂದವನು ಮತ್ತೆ ಕಳ್ಳತನ ಬಿಟ್ಟಿದ್ದ — ಈ ಸಲ ನನ್ನ ಹಂಗಿಲ್ಲದೆ. ಉಗ್ರಾಣ ಯಾರಿಗೆ ಎಂದು ಮನೆಯವರು ಕೇಳಿದಾಗ, ಎಲ್ಲರೆದುರೂ ಅವನ ಹೆಸರು ಹೇಳಿದೆ. ಅವನ ಹಿಂದಿನದು ನನಗೆ ಮೊದಲಿನಿಂದ ಗೊತ್ತಿತ್ತು ಎಂದೆ. ಉಳವಿಯ ತಟ್ಟೆ ಸಿಕ್ಕಿದ್ದನ್ನೂ, ನಾನು ಮುಚ್ಚಿಟ್ಟಿದ್ದನ್ನೂ ಹೇಳಿದೆ.

"ತಟ್ಟೆ ಸಿಕ್ಕೇ ಸಿಕ್ತದಂತ ನಂಗೆ ಗೊತ್ತಿತ್ರಿ," ಎಂದ ಅವನು. "ನೀವು ಬರ್ತೀರಂತ ಕಾದೆ. ಈಗ ಬ್ಯಾಡ್ರಿ. ಕುರ್ಚಿ ಕೆಲ್ಸನೇ ಸಾಕು, ಅದಕ್ಕೆ ಬೀಗ ಇಲ್ಲ."

ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತ. ನಾನೇ ಬಡಿಸಿದೆ. ಪಾಯಸ ಎರಡನೇ ಸಲ ಹಾಕಲು ಬಗ್ಗಿದಾಗ, ಎಲೆಗೆ ಕೈ ಅಡ್ಡ ಹಿಡಿದ.